ಔಟ್ 888: ಹಳೆಯ ಪ್ರೋಗ್ರಾಂಗಳು, ಹೊಸ ಅಡಾಪ್ಟರ್‌ಗಳು

(ಪ್ರಯೋಗಾಲಯದ ಬೋಧಕರು ಮತ್ತು ಉಪಕರಣಗಳ ತಂತ್ರಜ್ಞರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ, ಒಂದೇ ಸಾಲಿನ ಪ್ರೋಗ್ರಾಂನಿಂದ ಆರಂಭಿಸುತ್ತೇನೆ. ಔಟ್ 888, 1. ವಿಂಡೋಸ್‌ಗೂ ಹಿಂದಿನ ಡಾಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಹಳೆಯ ಯಂತ್ರದಲ್ಲಿ ಜಿಡಬ್ಲ್ಯೂ-ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ತೆರೆದು ಇಷ್ಟನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ, ಕಂಪ್ಯೂಟರಿನ ಹಿಂದಿರುವ ಪ್ರಿಂಟರ್ ಪೋರ್ಟಿನ (ಇದನ್ನೇ ಪ್ಯಾರಲಲ್ ಪೋರ್ಟ್ ಎನ್ನುತ್ತಾರೆ) ಎರಡನೆಯ ಪಿನ್ನಿನಲ್ಲಿ ಐದು ವೋಲ್ಟ್‌ನ ಆಸುಪಾಸು ಕಾಣಿಸಿಕೊಳ್ಳುತ್ತದೆ. ಆ ಪಿನ್ನಿಗೂ ಗ್ರೌಂಡ್ ಆಗಿರುವ 25ನೆಯ ಪಿನ್ನಿಗೂ ನಡುವೆ 470 ಓಮ್ ರೆಸಿಸ್ಟರ್ ಸೇರಿಸಿ ಒಂದು ಎಲ್‌ಇಡಿ ಇಟ್ಟಿದ್ದರೆ ಅದು ಹೊತ್ತಿಕೊಳ್ಳುತ್ತದೆ. ಔಟ್ 888, 0 ಎಂದರೆ ಆರುತ್ತದೆ. ನಡುವೆ ಡ್ರೈವರ್ ಇಲ್ಲ, ಲೈಬ್ರರಿ ಇಲ್ಲ, ಅನುಮತಿ ಕೇಳುವ ಕಿಟಕಿಯೂ ಇಲ್ಲ. ಬರೆದ ಸಂಖ್ಯೆಗೂ ತಂತಿಯಲ್ಲಿ ಹರಿಯುವ ವಿದ್ಯುತ್ತಿಗೂ ಇಷ್ಟು ನೇರ ಸಂಬಂಧ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದು ಅಪರೂಪ. ನನ್ನ ಮಟ್ಟಿಗೆ ಕಂಪ್ಯೂಟರ್ ಶಿಕ್ಷಣದಲ್ಲಿ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಮತ್ತೊಂದಿಲ್ಲ.

ಇಂಥ ಸಾಲುಗಳನ್ನೇ ನಂಬಿಕೊಂಡ ಉಪಕರಣಗಳು ಇಂದಿಗೂ ದುಡಿಯುತ್ತಿವೆ. ಭೌತಶಾಸ್ತ್ರ ವಿಭಾಗದ ಮಾಪನ ಉಪಕರಣ, ಸಿವಿಲ್ ವಿಭಾಗದ ಭಾರ ಪರೀಕ್ಷಾ ಯಂತ್ರ, ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯ ಕಂಪ್ಯೂಟರ್ ನಿಯಂತ್ರಿತ (ಸಿಎನ್‌ಸಿ) ಲೇತ್. ಯಂತ್ರ ಗಟ್ಟಿಯಾಗಿದೆ, ಪ್ರೋಗ್ರಾಂ ಸರಿಯಾಗಿದೆ, ಅದನ್ನು ನಡೆಸುತ್ತಿದ್ದ ಕಂಪ್ಯೂಟರ್ ಮಾತ್ರ ಕಣ್ಣು ಮುಚ್ಚಿದೆ. ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟ್ ಇಲ್ಲ. ಆಗ ಅಂಗಡಿಗೆ ಹೋಗಿ ಯುಎಸ್‌ಬಿ ಅಡಾಪ್ಟರ್ ತರುತ್ತಾರೆ. ಪ್ಲಗ್ ಸರಿಯಾಗಿ ಕೂರುತ್ತದೆ, ವಿಂಡೋಸ್ ಸಾಧನವನ್ನು ಗುರುತಿಸಿದೆ ಎಂದೂ ಹೇಳುತ್ತದೆ, ಆದರೆ ಪ್ರೋಗ್ರಾಂ ಕೆಲಸ ಮಾಡುವುದಿಲ್ಲ. ಬಳಿಕ ನನ್ನ ಬಳಿ ಬಂದು ‘ಯಾವ ಕಂಪನಿಯ ಅಡಾಪ್ಟರ್ ತರಬೇಕು?’ ಎಂದು ಕೇಳುತ್ತಾರೆ. ನಾನು ಅವರಿಗೆ ಹೇಳುವುದು ಒಂದೇ: ಅಡಾಪ್ಟರಿನ ಡಬ್ಬಿ ತೆರೆಯುವ ಮೊದಲು ಪ್ರೋಗ್ರಾಂ ತೆರೆದು ನೋಡಿ. ಅದು ಪೋರ್ಟನ್ನು ಹೆಸರು ಹಿಡಿದು ಕರೆಯುತ್ತಿದೆಯೋ, ವಿಳಾಸ ಹಿಡಿದು ಹೋಗುತ್ತಿದೆಯೋ ತಿಳಿದುಕೊಳ್ಳಿ. ಇಂದಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

888 ಎಲ್ಲಿಂದ ಬಂತು? ಇಂಟೆಲ್‌ನ 8086 ಕುಟುಂಬದ ಪ್ರೊಸೆಸರ್‌ಗಳಲ್ಲಿ ಮೆಮೊರಿಗೆ ಒಂದು ವಿಳಾಸಗಳ ಸಾಲು, ಹೊರಗಿನ ಸಾಧನಗಳಿಗೆ ಮತ್ತೊಂದು. ಎರಡನೆಯದರಲ್ಲಿ 65,536 ವಿಳಾಸಗಳಿವೆ. ಅವುಗಳನ್ನು ಮುಟ್ಟಲು ‘ಇನ್’ ಮತ್ತು ‘ಔಟ್’ ಎಂಬ ಪ್ರತ್ಯೇಕ ಆಜ್ಞೆಗಳಿವೆ. 1981ರ ಐಬಿಎಂ ಪಿಸಿಯ ಕಾಲದಿಂದ ಪ್ರಿಂಟರ್ ಪೋರ್ಟಿಗೆ 956, 888, 632 ಎಂಬ ಮೂರು ಜಾಗಗಳು ರೂಢಿಗೆ ಬಂದವು. 956 ಕಪ್ಪು-ಬಿಳುಪು ಡಿಸ್ಪ್ಲೇ ಕಾರ್ಡಿನ ಮೇಲೆ ಕುಳಿತ ಪೋರ್ಟಿನದು. ನಮ್ಮಲ್ಲಿ ಹೆಚ್ಚಾಗಿ ಸಿಕ್ಕಿದ್ದು 888. ಅದರಲ್ಲಿ ಬರೆದ ಎಂಟು ಬಿಟ್‌ಗಳು 2ರಿಂದ 9ರವರೆಗಿನ ಪಿನ್‌ಗಳಿಗೆ ಹೋಗುತ್ತವೆ. ಪಕ್ಕದ 889ರಲ್ಲಿ ಐದು ಒಳಬರುವ ತಂತಿಗಳನ್ನು ಓದಬಹುದು. 890ರಲ್ಲಿ ಇನ್ನೂ ನಾಲ್ಕು ತಂತಿಗಳನ್ನು ಆಡಿಸಬಹುದು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೊಸಬರು ಎಡವುವುದು ಇಲ್ಲೇ. ಪೋರ್ಟಿಗೆ ಏನೂ ಜೋಡಿಸದೆ 889 ಓದಿ. ಸಾಮಾನ್ಯವಾಗಿ 120 ಅಥವಾ 127 ಬರುತ್ತದೆ. ಐದೂ ಒಳತಂತಿಗಳು ಖಾಲಿ ಇದ್ದಾಗ ಮೇಲಿನ ಮಟ್ಟದಲ್ಲೇ ಇರುತ್ತವೆ. ಹಾಗಿದ್ದರೆ ಎಂಟನೆಯ ಬಿಟ್ ಕೂಡ ಒಂದಾಗಿರಬೇಕಿತ್ತಲ್ಲ? 11ನೆಯ ಪಿನ್ ಪ್ರಿಂಟರಿನ ‘ಬ್ಯುಸಿ’ ತಂತಿ. ಅದನ್ನು ಪೋರ್ಟಿನೊಳಗೇ ತಿರುವಿ ಓದಿಸುತ್ತಾರೆ. ಅಲ್ಲಿ ಐದು ವೋಲ್ಟ್ ಇದ್ದರೆ ಪ್ರೋಗ್ರಾಂಗೆ ಕಾಣುವುದು ಸೊನ್ನೆ. ಆ ಪಿನ್ನನ್ನು ಗ್ರೌಂಡಿಗೆ ಜೋಡಿಸಿದ ಕೂಡಲೇ ಓದು 128ರಷ್ಟು ಏರುತ್ತದೆ. 890ರ ನಾಲ್ಕು ತಂತಿಗಳಲ್ಲಿಯೂ ಮೂರು ಹೀಗೆಯೇ ತಿರುವು ಪಡೆದಿವೆ. ಹಳೆಯ ಬೇಸಿಕ್ ಪ್ರೋಗ್ರಾಂಗಳಲ್ಲಿ ‘ಎಕ್ಸಾರ್ 128’, ‘ಎಕ್ಸಾರ್ 11’ ಎಂಬ, ಆಯ್ದ ಬಿಟ್‌ಗಳನ್ನು ತಿರುವಿ ಹಾಕುವ ತುಣುಕುಗಳು ಕಂಡರೆ ಅವು ಇದಕ್ಕಾಗಿಯೇ ಇರುವವು. ಅಲಂಕಾರವೆಂದು ಭಾವಿಸಿ ಅಳಿಸಬೇಡಿ.

ಭಾಷೆ ಯಾವುದಾದರೂ ಕೆಲಸ ಒಂದೇ. ಟರ್ಬೊ ಪ್ಯಾಸ್ಕಲ್‌ನಲ್ಲಿ ‘ಪೋರ್ಟ್’ ಎಂಬ ಹೆಸರಿನ ಅರೇ ಇತ್ತು. ಅದರ 888ನೆಯ ಸ್ಥಾನಕ್ಕೆ ಬೆಲೆ ಕೊಟ್ಟರೆ ಅದು ನೇರ ಪಿನ್ನಿಗೆ ಹೋಗುತ್ತಿತ್ತು. ಟರ್ಬೊ ಸಿಯಲ್ಲಿ ‘ಔಟ್‌ಪೋರ್ಟ್‌ಬಿ’ ಮತ್ತು ‘ಇನ್‌ಪೋರ್ಟ್‌ಬಿ’. ಅಸೆಂಬ್ಲಿಯಲ್ಲಿ ವಿಳಾಸ 255 ದಾಟಿದರೆ ಅದನ್ನು ಮೊದಲು ಪ್ರೊಸೆಸರಿನೊಳಗಿನ ಡಿಎಕ್ಸ್ ಎಂಬ ರಿಜಿಸ್ಟರಿಗೆ ತುಂಬಿಸಿ, ಆಮೇಲೆ ಔಟ್ ಆಜ್ಞೆ ಕೊಡಬೇಕು.

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಓದಿದ ಒಂದು ಇಡೀ ಪೀಳಿಗೆಗೆ ಈ ಡಿಎಕ್ಸ್ ಸಾಲು ಬಾಯಿಪಾಠ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೈಕ್ರೋಪ್ರೊಸೆಸರ್ ಪ್ರಯೋಗಾಲಯ ನೆನಪಿದೆಯೇ? ಏಳು ಗೆರೆಗಳ ಡಿಸ್ಪ್ಲೇಯಲ್ಲಿ ‘ಫೈರ್’, ‘ಹೆಲ್ಪ್’ ಎಂಬ ಎರಡು ಪದಗಳು ಮಿನುಗಬೇಕು. ಎಲಿವೇಟರ್ ಮಾದರಿ ಕರೆದ ಮಹಡಿಗೆ ಹೋಗಿ, ತುಸು ನಿಂತು, ಕೆಳಗಿಳಿಯಬೇಕು. 8×3 ಕೀಪ್ಯಾಡಿನಲ್ಲಿ ಒತ್ತಿದ ಕೀ ಯಾವುದೆಂದು ಕಂಡುಹಿಡಿಯಬೇಕು. ಅನೇಕ ಕಾಲೇಜುಗಳಲ್ಲಿ ಇವನ್ನೆಲ್ಲ ನಡೆಸಿದ್ದು ಕಂಪ್ಯೂಟರಿನೊಳಗೆ ಕೂರಿಸಿದ, 8255 ಎಂಬ ಪೋರ್ಟ್ ಚಿಪ್ಪಿನ ಮಾದರಿಯ ಪೋರ್ಟ್‌ಗಳನ್ನು ಒದಗಿಸುವ ಪಿಸಿಐ ಕಾರ್ಡು. ಹೆಕ್ಸಾಡೆಸಿಮಲ್ (ಹದಿನಾರರ ಎಣಿಕೆಯ) 82 ಎಂಬ ಸಂಖ್ಯೆಯನ್ನು ನಿಯಂತ್ರಣ ಪೋರ್ಟಿಗೆ ಕಳುಹಿಸಿದರೆ ಎ ಪೋರ್ಟ್ ಹೊರಮುಖ, ಬಿ ಪೋರ್ಟ್ ಒಳಮುಖ. ಪಿಸಿಐ ಕಾರ್ಡಿಗೆ ವಿಳಾಸ ಹಂಚುವುದು ಆಯಾ ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಬಯಾಸ್. ಆದ್ದರಿಂದ ಒಂದು ಮೇಜಿನ ಯಂತ್ರದಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಂ ಪಕ್ಕದ ಮೇಜಿನಲ್ಲಿ ಓಡುತ್ತಿರಲಿಲ್ಲ. ಮೊದಲ ಸಾಲಿನ ವಿಳಾಸವನ್ನು ತಿದ್ದಬೇಕಿತ್ತು. ಎಷ್ಟೋ ವಿದ್ಯಾರ್ಥಿಗಳು ಅದನ್ನು ಪರೀಕ್ಷೆಯ ದಿನದ ಕಿರಿಕಿರಿ ಎಂದಷ್ಟೇ ನೆನಪಿಟ್ಟುಕೊಂಡರು. ಅಡಾಪ್ಟರುಗಳ ಸಮಸ್ಯೆಯ ಬೇರು ಅದರಲ್ಲೇ ಇತ್ತು: ಸಾಧನ ಅದೇ, ಕನೆಕ್ಟರ್ ಅದೇ, ವಿಳಾಸ ಮಾತ್ರ ಬೇರೆ.

ಇನ್ನು ವಿಂಡೋಸ್. 95 ಮತ್ತು 98ರ ತನಕ ಪ್ರೋಗ್ರಾಂ ಪೋರ್ಟನ್ನು ನೇರವಾಗಿ ಮುಟ್ಟಬಹುದಿತ್ತು. ಎನ್‌ಟಿ ಕುಟುಂಬದಲ್ಲಿ, ಅಂದರೆ 2000, ಎಕ್ಸ್‌ಪಿ ಮತ್ತು ಆಮೇಲಿನ ಎಲ್ಲದರಲ್ಲಿ, ಇನ್ ಮತ್ತು ಔಟ್ ಆಜ್ಞೆಗಳ ಹಕ್ಕು ವಿಂಡೋಸ್‌ನ ಒಳತಿರುಳಾದ ಕರ್ನಲ್‌ಗೆ ಮಾತ್ರ. ಸಾಮಾನ್ಯ ಪ್ರೋಗ್ರಾಂ ಔಟ್ ಎಂದರೆ ಪ್ರೊಸೆಸರೇ ಅದನ್ನು ತಡೆಯುತ್ತದೆ, ವಿಂಡೋಸ್ ಆ ಪ್ರೋಗ್ರಾಂ ಅನ್ನು ಮುಚ್ಚುತ್ತದೆ. ಇದು ಒಳ್ಳೆಯ ಕಾರಣಕ್ಕೇ ಮಾಡಿದ ಬದಲಾವಣೆ. ಯಾವುದೋ ಆಟದ ಪ್ರೋಗ್ರಾಂ ಹಾರ್ಡ್ ಡಿಸ್ಕಿನ ಪೋರ್ಟಿಗೆ ಕೈಹಾಕುವುದು ಯಾರಿಗೂ ಬೇಡ. ಆದರೆ ನಮ್ಮಂಥವರಿಗೆ ಬಾಗಿಲು ಮುಚ್ಚಿತು. ಆಗ ಬಂದದ್ದು ‘ಗಿವ್‌ಐಒ’, ‘ಇನ್‌ಪೌಟ್32’ ಎಂಬ ಚಿಕ್ಕ ಡ್ರೈವರ್‌ಗಳು. 1998ರ ವಿಷುಯಲ್ ಬೇಸಿಕ್ 6ರಲ್ಲಿ ಔಟ್ ಎಂಬ ಆಜ್ಞೆಯೇ ಇಲ್ಲ. ಇನ್‌ಪೌಟ್32 ಜೋಡಿಸಿ ಎರಡು ಘೋಷಣೆಯ ಸಾಲು ಸೇರಿಸಿದರೆ ಔಟ್ 888, 1 ಮತ್ತೆ ಜೀವ ಪಡೆಯುತ್ತದೆ. 64 ಬಿಟ್ ವಿಂಡೋಸ್‌ಗೆ ಇದರ ಬೇರೆ ಆವೃತ್ತಿ ಬೇಕು. ಒಂದು ಎಚ್ಚರಿಕೆ: ಇಂಥ ಡ್ರೈವರ್ ಒಂದು ಪ್ರೋಗ್ರಾಂಗೆ ತೆರೆದ ದಾರಿ ಎಲ್ಲ ಪ್ರೋಗ್ರಾಂಗಳಿಗೂ ತೆರೆದಂತೆ. ಆ ಕಂಪ್ಯೂಟರನ್ನು ಇಂಟರ್ನೆಟ್ಟಿನಿಂದ ದೂರ ಇಡಿ.

ಈಗ ಯುಎಸ್‌ಬಿ ಅಡಾಪ್ಟರಿಗೆ ಬರೋಣ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಎಂದು ಮಾರುವ ಕೇಬಲ್ಲಿನ ಒಳಗಿರುವ ಚಿಪ್ ತನ್ನನ್ನು ಪ್ರಿಂಟರ್ ಎಂದು ಪರಿಚಯಿಸಿಕೊಳ್ಳುತ್ತದೆ. ವಿಂಡೋಸ್ ಅದಕ್ಕೆ ಅಕ್ಷರಗಳ ಕಂತೆ ಕಳುಹಿಸುತ್ತದೆ. ಪ್ರಿಂಟರಿನ ಜೊತೆಗಿನ ಕೊಡುಕೊಳ್ಳುವಿಕೆಯನ್ನು ಚಿಪ್ ತಾನೇ ನೋಡಿಕೊಳ್ಳುತ್ತದೆ. ಪ್ರೊಸೆಸರಿನ ವಿಳಾಸಗಳ ಸಾಲಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಊರು ಬಿಟ್ಟು ಹೋದವರನ್ನು ಹೆಸರು ಹೇಳಿ ವಿಚಾರಿಸಿದರೆ ಯಾರಾದರೂ ದಾರಿ ತೋರಿಸಿಯಾರು. ಹಳೆಯ ಮನೆ ಸಂಖ್ಯೆ ಹಿಡಿದು ಹೋದರೆ ಖಾಲಿ ನಿವೇಶನದ ಮುಂದೆ ನಿಲ್ಲಬೇಕಾಗುತ್ತದೆ. ಔಟ್ 888 ಎನ್ನುವ ಪ್ರೋಗ್ರಾಂನ ಪಾಡು ಈ ಎರಡನೆಯದು. ಇದರಲ್ಲಿ ಕೆಟ್ಟ ಸಂಗತಿ ಏನೆಂದರೆ, ಇನ್‌ಪೌಟ್32ರಂಥ ಡ್ರೈವರ್ ದಾರಿ ತೆರೆದಿಟ್ಟಿದ್ದರೆ ಯಾವ ದೋಷ ಸಂದೇಶವೂ ಬರುವುದಿಲ್ಲ. ಇಲ್ಲದ ವಿಳಾಸಕ್ಕೆ ಬರೆದದ್ದು ಸದ್ದಿಲ್ಲದೆ ಕಳೆದುಹೋಗುತ್ತದೆ.

ಪರೀಕ್ಷಿಸುವ ಬಗೆ ಸುಲಭ. 888ಕ್ಕೆ 170 ಬರೆದು, ಅದೇ ವಿಳಾಸವನ್ನು ಓದಿ. ಬಳಿಕ 85 ಬರೆದು ಮತ್ತೆ ಓದಿ. ಈ ಎರಡು ಸಂಖ್ಯೆಗಳಲ್ಲಿ ಬಿಟ್‌ಗಳು ಒಂದಕ್ಕೊಂದು ಪೂರ್ತಿ ವಿರುದ್ಧ. ಬರೆದದ್ದೇ ಹಿಂದಕ್ಕೆ ಬಂದರೆ ಅಲ್ಲಿ ನಿಜವಾದ ಪೋರ್ಟ್ ಇದೆ. ಎರಡು ಬಾರಿಯೂ 255 ಬಂದರೆ ಆ ವಿಳಾಸದಲ್ಲಿ ಯಾರೂ ಇಲ್ಲ. ಅಡಾಪ್ಟರಿಗಾಗಿ ಹಣ ಕೊಡುವ ಮುನ್ನ, ಡ್ರೈವರನ್ನು ಹತ್ತು ಸಲ ಅಳಿಸಿ ಹಾಕುವ ಮುನ್ನ, ಈ ನಾಲ್ಕು ಸಾಲು ಓಡಿಸಿ.

ಪ್ರೋಗ್ರಾಂ ವಿಳಾಸವನ್ನೇ ನಂಬಿದ್ದರೆ, ಮೇಜಿನ ಮೇಲಿನ ಕಂಪ್ಯೂಟರಿಗೆ ಪಿಸಿಐ ಅಥವಾ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕುವುದೇ ದಾರಿ. ಹೈದರಾಬಾದಿನ ಮಾಸ್‌ಚಿಪ್ ಸಂಸ್ಥೆ ಇಂಥ ಕಾರ್ಡುಗಳ ಚಿಪ್‌ಗಳನ್ನು ರೂಪಿಸಿತ್ತು. ಈ ಕಾರ್ಡುಗಳಿಗೆ ನಿಜವಾದ ವಿಳಾಸ ಸಿಗುತ್ತದೆ, ಆದರೆ ಅದು ಸಾಮಾನ್ಯವಾಗಿ 888 ಆಗಿರುವುದಿಲ್ಲ. ಡಿವೈಸ್ ಮ್ಯಾನೇಜರಿನ ‘ರಿಸೋರ್ಸಸ್’ ಪುಟದಲ್ಲಿ, ಉದಾಹರಣೆಗೆ, ಡಿ010 ಎಂದು ಕಾಣಬಹುದು, ದಶಮಾನದಲ್ಲಿ 53,264. ಪ್ರೋಗ್ರಾಂನ ಮೂಲ ಕೈಯಲ್ಲಿದ್ದರೆ ಒಂದು ಸಂಖ್ಯೆ ತಿದ್ದಿದರೆ ಮುಗಿಯಿತು. ವಿಷುಯಲ್ ಬೇಸಿಕ್ 6ರಲ್ಲಿ ಮಾತ್ರ ಇಲ್ಲೊಂದು ತೊಡಕು ಇದೆ. ಅದರ ‘ಇಂಟಿಜರ್’ 32,767ಕ್ಕೇ ನಿಲ್ಲುತ್ತದೆ. ಇನ್‌ಪೌಟ್32ರ ಘೋಷಣೆಯಲ್ಲಿ ವಿಳಾಸ ಇಂಟಿಜರ್ ಆಗಿರುವುದರಿಂದ 53264 ಎಂದು ಬರೆದರೆ ‘ಓವರ್‌ಫ್ಲೋ’ ಎಂಬ ದೋಷ ಬರುತ್ತದೆ. ಅದೇ ವಿಳಾಸವನ್ನು ಹೆಕ್ಸಾಡೆಸಿಮಲ್‌ನಲ್ಲಿ ಬರೆಯಿರಿ: ಬೇಸಿಕ್ ಅದನ್ನು ಮೈನಸ್ 12,272 ಎಂದು ಭಾವಿಸುತ್ತದೆ, ಆದರೆ ಬಿಟ್‌ಗಳು ಅವೇ ಆದ್ದರಿಂದ ಡ್ರೈವರ್ ಸರಿಯಾದ ಬಾಗಿಲಿಗೇ ಹೋಗುತ್ತದೆ.

ಬಿಟ್‌ಗಳನ್ನು ಒಂದರ ಹಿಂದೊಂದು ಕಳುಹಿಸುವ ಸೀರಿಯಲ್ ಪೋರ್ಟಿನ ವಿಚಾರ ಇದಕ್ಕಿಂತ ಬಹಳ ಹಿತಕರ. ಅಲ್ಲಿ ಹಳೆಯ ಪ್ರೋಗ್ರಾಂಗಳು ಹೆಚ್ಚಾಗಿ ಹೆಸರು ಹಿಡಿದೇ ಕರೆಯುತ್ತವೆ. ‘ಕಾಮ್1’ ತೆರೆ, ವೇಗ 9600, ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್) ಇಲ್ಲ, ಎಂಟು ಬಿಟ್, ಒಂದು ಸ್ಟಾಪ್ ಬಿಟ್: ಬೇಸಿಕ್‌ನ ಓಪನ್ ಸಾಲು ಇಷ್ಟೇ. ಎಫ್‌ಟಿ232, ಸಿಎಚ್340, ಪಿಎಲ್2303, ಸಿಪಿ2102 ಇಂಥ ಚಿಪ್‌ಗಳಿರುವ ಯುಎಸ್‌ಬಿ ಅಡಾಪ್ಟರ್‌ಗಳು ವಿಂಡೋಸ್‌ನಲ್ಲಿ ಕಾಮ್ ಪೋರ್ಟ್ ಎಂಬ ಹೆಸರಿನಲ್ಲೇ ಕಾಣಿಸಿಕೊಳ್ಳುತ್ತವೆ. ಹೆಸರು ಕರೆದ ಪ್ರೋಗ್ರಾಂಗೆ ಬದಲಿ ವ್ಯವಸ್ಥೆಯ ಅರಿವೇ ಆಗುವುದಿಲ್ಲ. ಸಂಖ್ಯೆ ಮಾತ್ರ ನೋಡಿಕೊಳ್ಳಿ. ಅಡಾಪ್ಟರ್ ಕಾಮ್17 ಎಂದು ಕುಳಿತಿರಬಹುದು. ವಿಷುಯಲ್ ಬೇಸಿಕ್ 6ರ ಸೀರಿಯಲ್ ಘಟಕವಾದ ಎಂಎಸ್‌ಕಾಮ್ 16ರ ಆಚೆ ನೋಡುವುದಿಲ್ಲ, ಕ್ಯೂಬೇಸಿಕ್‌ಗೆ ಕಾಮ್1 ಮತ್ತು ಕಾಮ್2 ಬಿಟ್ಟರೆ ಬೇರೆ ಗೊತ್ತಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಎಂದು ಹೋಗಿ ಸಂಖ್ಯೆ ಬದಲಿಸಿ. ಪಿಎಲ್2303ರ ಹಳೆಯ ಚಿಪ್‌ಗಳನ್ನೂ ನಕಲಿ ಚಿಪ್‌ಗಳನ್ನೂ ತಯಾರಕರ ಹೊಸ ಡ್ರೈವರ್ ನಿರಾಕರಿಸುತ್ತದೆ ಎಂಬುದೂ ತಿಳಿದಿರಲಿ.

ಡಾಸ್ ಕಾಲದ ಪ್ರೋಗ್ರಾಂಗಳಿಗೆ ಮತ್ತೊಂದು ಅಡ್ಡಿ. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದೇ ಇಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಆಗ ಕೈಹಿಡಿಯುವುದು ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಂ. ಅದರ ಸಂರಚನಾ ಕಡತದಲ್ಲಿ ಸೀರಿಯಲ್1 ಎಂಬ ಸಾಲಿಗೆ ‘ಡೈರೆಕ್ಟ್‌ಸೀರಿಯಲ್’ ಎಂದು ಬರೆದು, ನಿಜವಾದ ಪೋರ್ಟಿನ ಹೆಸರು ಕೊಟ್ಟರೆ, ಒಳಗಿನ ಕಾಮ್1 ಹೊರಗಿನ ಯುಎಸ್‌ಬಿ ಅಡಾಪ್ಟರಿಗೆ ಸೇರಿಕೊಳ್ಳುತ್ತದೆ. ನನಗೆ ಇದರಲ್ಲಿ ತುಂಬ ಇಷ್ಟವಾದ ಸಂಗತಿಯೊಂದಿದೆ. ಕೆಲವು ಟರ್ಬೊ ಸಿ ಪ್ರೋಗ್ರಾಂಗಳು ಕಾಮ್1 ಎಂಬ ಹೆಸರನ್ನೂ ಬಳಸದೆ, ಆ ಪೋರ್ಟಿನ ವಿಳಾಸವಾದ 1016ಕ್ಕೆ ನೇರವಾಗಿ 12 ಎಂಬ ಭಾಜಕವನ್ನು ಬರೆದು 9600ರ ವೇಗ ಪಡೆಯುತ್ತಿದ್ದವು. 1,15,200ನ್ನು 12ರಿಂದ ಭಾಗಿಸಿದರೆ 9600. ಯುಎಸ್‌ಬಿ ಅಡಾಪ್ಟರಿನಲ್ಲಿ 1016 ಎಂಬುದಿಲ್ಲ. ಆದರೆ ಡಾಸ್‌ಬಾಕ್ಸ್ ತನ್ನೊಳಗೆ ಆ ಚಿಪ್ಪನ್ನೇ ಅನುಕರಿಸುವುದರಿಂದ, ವಿಳಾಸಕ್ಕೆ ಬರೆದದ್ದನ್ನು ಅರ್ಥಮಾಡಿಕೊಂಡು ಹೆಸರಿನ ಪೋರ್ಟಿಗೆ ದಾಟಿಸುತ್ತದೆ. ವಿಳಾಸದ ಪ್ರೋಗ್ರಾಂ ಹೀಗೆ ಅಡಾಪ್ಟರಿನ ಮೂಲಕವೂ ಓಡುತ್ತದೆ.

ತಂತಿ ಜೋಡಿಸುವ ಮುನ್ನ ಎರಡು ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ‘ಯುಎಸ್‌ಬಿ ಸೀರಿಯಲ್’ ಎಂದು ಕೇಳಿದರೆ ಎರಡು ಬಗೆಯ ವಸ್ತು ಸಿಗಬಹುದು. ಒಂದು 3.3 ಅಥವಾ 5 ವೋಲ್ಟ್‌ನಲ್ಲಿ ನಡೆಯುವ ಪುಟ್ಟ ಟಿಟಿಎಲ್ ಬೋರ್ಡ್. ಮತ್ತೊಂದು ಒಂಬತ್ತು ಪಿನ್ನಿನ ಆರ್‌ಎಸ್-232 ಕೇಬಲ್. ಹಳೆಯ ಉಪಕರಣದ ತಂತಿಯಲ್ಲಿ ಧನ ಹನ್ನೆರಡು, ಋಣ ಹನ್ನೆರಡು ವೋಲ್ಟ್ ಓಡಾಡುತ್ತಿರಬಹುದು. ಟಿಟಿಎಲ್ ಬೋರ್ಡನ್ನು ಅದಕ್ಕೆ ಕೊಟ್ಟರೆ ಸುಟ್ಟುಹೋಗುತ್ತದೆ. ಎರಡನೆಯದು, ಕನೆಕ್ಟರಿನ ಆಕಾರ ನಂಬಬೇಡಿ. ಕಂಪ್ಯೂಟರಿನ ಹಿಂದಿರುವ 25 ರಂಧ್ರಗಳದ್ದು ಪ್ರಿಂಟರ್ ಪೋರ್ಟ್; ಸಿಎನ್‌ಸಿ ಯಂತ್ರದ ಮೈಮೇಲಿರುವ ಅದೇ ಆಕಾರದ 25ರದ್ದು ಬಹುತೇಕ ಆರ್‌ಎಸ್-232. ಯಂತ್ರದ ಕೈಪಿಡಿ ನೋಡದೆ ಕೇಬಲ್ ಚುಚ್ಚುವುದು ದುಬಾರಿಯಾದೀತು.

ಇನ್ನು ಉಳಿದದ್ದು ಕಾಲದ ಪ್ರಶ್ನೆ; ವಿಳಾಸ, ಹೆಸರು ಎರಡೂ ಸರಿಯಾದ ಮೇಲೂ ಕಾಡುವಂಥದು. ನಿಜವಾದ ಪೋರ್ಟಿಗೆ ಒಂದು ಔಟ್ ಮಾಡಲು ಸುಮಾರು ಒಂದು ಮೈಕ್ರೋಸೆಕೆಂಡ್ ಸಾಕು. ಯುಎಸ್‌ಬಿ ಫುಲ್ ಸ್ಪೀಡ್‌ನಲ್ಲಿ ಸಂದೇಶಗಳು ಒಂದು ಮಿಲಿಸೆಕೆಂಡಿನ ಚೌಕಟ್ಟುಗಳಲ್ಲಿ ಸಾಗುತ್ತವೆ. ಸಾವಿರ ಪಟ್ಟು ಅಂತರ! ಎಫ್‌ಟಿ232ರ ಡ್ರೈವರ್ ಬಂದ ಅಲ್ಪ ಮಾಹಿತಿಯನ್ನು ಒಪ್ಪಿಸಲು 16 ಮಿಲಿಸೆಕೆಂಡ್ ತನಕ ಕಾಯುತ್ತದೆ. ಇದನ್ನು ಸೆಟ್ಟಿಂಗ್ಸ್‌ನಲ್ಲಿ 1ಕ್ಕೆ ಇಳಿಸಬಹುದು. ತೂಕದ ಯಂತ್ರದ ಓದಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಸ್ಟೆಪ್ಪರ್ ಮೋಟಾರಿನ ಪ್ರತಿ ಹೆಜ್ಜೆಯನ್ನೂ ಕಂಪ್ಯೂಟರಿನಿಂದಲೇ ನಡೆಸುವ ಪ್ರೋಗ್ರಾಂ ಇಲ್ಲಿ ಸೋಲುತ್ತದೆ. ವೇಗ ಹೆಚ್ಚಾದಾಗಲೂ ಹಳೆಯ ಪ್ರೋಗ್ರಾಂಗಳು ಮುರಿದಿವೆ. ಟರ್ಬೊ ಪ್ಯಾಸ್ಕಲ್‌ನ ಸಿಆರ್‌ಟಿ ಘಟಕ ವಿಳಂಬವನ್ನು ಅಳೆಯಲು ಆರಂಭದಲ್ಲೇ ಒಂದು ಭಾಗಾಕಾರ ಮಾಡುತ್ತಿತ್ತು. ಸುಮಾರು 200 ಮೆಗಾಹರ್ಟ್ಸ್ ದಾಟಿದ ಪ್ರೊಸೆಸರುಗಳಲ್ಲಿ ಭಾಗಲಬ್ಧ ತನ್ನ ಜಾಗದಲ್ಲಿ ಹಿಡಿಸದೆ, ಪ್ರೋಗ್ರಾಂ ತೆರೆಯುತ್ತಲೇ ‘ರನ್‌ಟೈಮ್ ಎರರ್ 200’ ಎಂದು ಬಿದ್ದುಬಿಡುತ್ತಿತ್ತು. ಪ್ರೋಗ್ರಾಂ ಬರೆದವರ ತಪ್ಪೇನೂ ಇರಲಿಲ್ಲ.

ಕಾಲದ ಹೊಣೆಯನ್ನು ಕಂಪ್ಯೂಟರಿನಿಂದ ತೆಗೆದು ಒಂದು ಪುಟ್ಟ ಮೈಕ್ರೋಕಂಟ್ರೋಲರಿಗೆ ಒಪ್ಪಿಸುವುದು ಇದಕ್ಕೆ ಪರಿಹಾರ. ನವದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಗಳಿಗಾಗಿ ರೂಪಿಸಿದ ‘ಫೀನಿಕ್ಸ್’ ಹೀಗೆಯೇ ಬೆಳೆಯಿತು. ಮೊದಲ ರೂಪ ಪ್ಯಾರಲಲ್ ಪೋರ್ಟಿಗೆ ಜೋಡಿಸುವಂಥದು. ಮುಂದೆ ಎಟಿಮೆಗಾ16 ಚಿಪ್ ಒಳಗೆ ಬಂದು ಸೀರಿಯಲ್ ತಂತಿಯಲ್ಲಿ ಮಾತನಾಡಿತು. ಅಲ್ಲಿಂದ ಯುಎಸ್‌ಬಿಯ ‘ಎಕ್ಸ್‌ಪ್‌ಐಸ್’. ಸಮಯ ಅಳೆಯುವುದು, ಅಲೆ ಹೊರಡಿಸುವುದು ಎಲ್ಲವೂ ಪೆಟ್ಟಿಗೆಯೊಳಗೆ. ಕಂಪ್ಯೂಟರ್ ಆಜ್ಞೆ ಕೊಟ್ಟು ಉತ್ತರ ಓದುತ್ತದೆ. ನಿಮ್ಮ ಪ್ರಯೋಗಾಲಯದಲ್ಲೂ ಇದನ್ನು ಮಾಡಬಹುದು. ಒಂದು ಆರ್ಡುಯಿನೊ ಮೈಕ್ರೋಕಂಟ್ರೋಲರ್ ಬೋರ್ಡ್ ತಂದು ಅದರ ಎಂಟು ಪಿನ್‌ಗಳನ್ನು ಹಳೆಯ 2ರಿಂದ 9ರ ಪಿನ್‌ಗಳ ಜಾಗಕ್ಕೆ ಜೋಡಿಸಿ, ಸೀರಿಯಲ್‌ನಲ್ಲಿ ಬಂದ ಒಂದು ಬೈಟನ್ನು ಪಿನ್‌ಗಳ ಮೇಲೆ ಇಡುವ ಚಿಕ್ಕ ಪ್ರೋಗ್ರಾಂ ಹಾಕಿ. ಹಳೆಯ ಬೇಸಿಕ್‌ನಲ್ಲಿ ಔಟ್ 888 ಇದ್ದಲ್ಲೆಲ್ಲ ಸೀರಿಯಲ್‌ಗೆ ಬರೆಯುವ ಸಾಲು ಹಾಕಿದರೆ ಸಾಕು. ಹೆಜ್ಜೆಗಳ ಸರಣಿ ಇದ್ದರೆ ಒಂದೊಂದು ಹೆಜ್ಜೆ ಕಳುಹಿಸಬೇಡಿ. ‘ಇಷ್ಟು ಹೆಜ್ಜೆ, ಇಷ್ಟು ವೇಗ’ ಎಂದು ಒಮ್ಮೆಗೇ ಹೇಳಿ.

‘ಎಲ್ಲ ಬಿಟ್ಟು ಹೊಸದಾಗಿ ಬರೆಯಬಾರದೇ?’ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಬರೆಯಿರಿ, ಆದರೆ ಹಳೆಯದನ್ನು ಓದಿ ಬರೆಯಿರಿ. ಆ ಬೇಸಿಕ್ ಸಾಲುಗಳ ನಡುವೆ ಯಾರೋ ಒಬ್ಬ ತಂತ್ರಜ್ಞರು ಸಂವೇದಕದ ವಕ್ರತೆಯನ್ನು ತಿದ್ದಲು ಹಾಕಿದ ಗುಣಕಗಳಿವೆ, ಮೋಟಾರ್ ಬಿಸಿಯಾಗದಿರಲೆಂದು ಇಟ್ಟ ವಿರಾಮಗಳಿವೆ. ಅವು ಬೇರೆ ಎಲ್ಲೂ ದಾಖಲಾಗಿಲ್ಲ. ನನಗೆ ಈ ಪ್ರೋಗ್ರಾಂಗಳ ಮೇಲೆ ಗೌರವ ಇರುವುದು ಆ ಕಾರಣಕ್ಕೆ.

ಆದ್ದರಿಂದ ಈ ವಾರವೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಜಿಡಬ್ಲ್ಯೂ-ಬೇಸಿಕ್ ತನ್ನ ಕಡತಗಳನ್ನು ಸಂಕೇತಗಳಾಗಿ ಒತ್ತಿ ಉಳಿಸುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಅಡ್ಡಾದಿಡ್ಡಿ ಚಿಹ್ನೆಗಳು ಕಾಣುತ್ತವೆ, ಕ್ಯೂಬೇಸಿಕ್ ಕೂಡ ಅದನ್ನು ಓದದು. ಫ್ಲಾಪಿ ಇನ್ನೂ ಓದುವ ಸ್ಥಿತಿಯಲ್ಲಿರುವಾಗಲೇ ಪ್ರೋಗ್ರಾಂ ಅನ್ನು ಜಿಡಬ್ಲ್ಯೂ-ಬೇಸಿಕ್‌ನಲ್ಲಿ ತೆರೆದು, ಸೇವ್ ಆಜ್ಞೆಯಲ್ಲಿ ಕಡತದ ಹೆಸರಿನ ನಂತರ ಅಲ್ಪವಿರಾಮ ಹಾಕಿ ‘ಎ’ ಎಂಬ ಇಂಗ್ಲಿಷ್ ಅಕ್ಷರ ಸೇರಿಸಿ ಉಳಿಸಿ. ಆಗ ಅದು ಯಾವ ಯಂತ್ರದಲ್ಲೂ ಓದಬಹುದಾದ ಪಠ್ಯವಾಗುತ್ತದೆ. ‘ಎ’ ಬದಲು ‘ಪಿ’ ಹಾಕಬೇಡಿ. ಪಿ ಎಂದರೆ ರಕ್ಷಿತ ಕಡತ, ಅದನ್ನು ಆಮೇಲೆ ಓಡಿಸಬಹುದೇ ಹೊರತು ಪಟ್ಟಿ ಮಾಡಿ ನೋಡಲು ಬೇಸಿಕ್ ಬಿಡುವುದಿಲ್ಲ. ಜೊತೆಗೆ ಪೋರ್ಟಿನ ವಿಳಾಸ, ಸೀರಿಯಲ್ ಆದರೆ ವೇಗ, ಪ್ಯಾರಿಟಿ, ಯಾವ ಪಿನ್ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಉಪಕರಣದ ಮುಚ್ಚಳದ ಒಳಬದಿಗೆ ಅಂಟಿಸಿ.